ಹಿಮಕರಡಿ ಬೇಡ, ನಮ್ಮೂರ ಮಳೆ ಸಾಕು

ಜೂನ್ 5 ಬಂತೆಂದರೆ ಶಾಲೆಗಳಲ್ಲಿ ವಿಶ್ವ ಪರಿಸರ ದಿನದ ಚಿತ್ರಸ್ಪರ್ಧೆ. ಕರಗುವ ಹಿಮದ ಮೇಲೆ ಒಂಟಿ ಕರಡಿ, ಜ್ವರ ಬಂದ ಭೂಮಿಯ ಬಾಯಲ್ಲಿ ಥರ್ಮಾಮೀಟರ್! ನೀವೂ ಬರೆದಿರಬಹುದು. ಆದರೆ ಮಕ್ಕಳೇ, ಹವಾಮಾನ ಬದಲಾವಣೆಯ ಬಗ್ಗೆ ಕಾಳಜಿ ಮೂಡಲು ನಾವು ಕಾಣದ ಹಿಮಕರಡಿಗಿಂತ ಶಾಲೆಯ ಅಂಗಳದಲ್ಲಿ ಬೀಳುವ ಮಳೆಯೇ ಒಳ್ಳೆಯ ಪಾಠ ಎಂದು ನನ್ನ ಅಭಿಪ್ರಾಯ.

ಏಕೆ ಗೊತ್ತೇ? ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿದಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಶಾಖವನ್ನು ಹಿಡಿದಿಡುತ್ತದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಅದರಲ್ಲಿ ಇರಬಲ್ಲದು. ಹೀಗಾಗಿ ಮಳೆ ಬಂದಾಗ ಒಮ್ಮೆಲೇ ಸುರಿಯುವ ಸಂಭವ ಹೆಚ್ಚು. ತಿಂಗಳಲ್ಲಿ 100 ಮಿ.ಮೀ. ಮಳೆ ಹತ್ತು ದಿನ ಹಂಚಿಕೊಂಡು ಬಂದರೆ ರಾಗಿ ಪೈರಿಗೆ ಹಿತ. ಅಷ್ಟೇ ಮಳೆ ಎರಡೇ ದಿನ ಸುರಿದರೆ ಮಣ್ಣು ಕೊಚ್ಚಿಹೋಗುತ್ತದೆ, ಉಳಿದ ದಿನ ಪೈರು ಬಾಡುತ್ತದೆ. ತಿಂಗಳ ಒಟ್ಟು ಲೆಕ್ಕದಲ್ಲಿ ಎರಡೂ ಒಂದೇ! ಅದಕ್ಕೇ ದಿನದಿನದ ಲೆಕ್ಕ ಬೇಕು.

ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ಬಾಟಲಿಯ ತಳ ಸಮವಾಗಿರುವುದಿಲ್ಲ. ಅದು ಮುಳುಗುವಷ್ಟು ನೀರು ಹಾಕಿ, ಆ ಮಟ್ಟಕ್ಕೆ ಸ್ಕೇಲಿನ ಸೊನ್ನೆ ಬರುವಂತೆ ಅಂಟಿಸಿ. ಮರ, ಸೂರುಗಳಿಂದ ದೂರ, ಬಯಲಲ್ಲಿಟ್ಟು ಸುತ್ತ ಕಲ್ಲು ಜೋಡಿಸಿ. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ಅಳೆದು ಬರೆಯಿರಿ. ಬಳಿಕ ನೀರನ್ನು ಮತ್ತೆ ಸೊನ್ನೆಗೆ ತನ್ನಿ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು 'ಮಳೆ ದಿನ'.

ರೋಹಿಣಿ, ಮೃಗಶಿರ, ಆರಿದ್ರ ಮಳೆಗಳು ಹಿಂದೆ ಹೇಗೆ ಬರುತ್ತಿದ್ದವೆಂದು ಅಜ್ಜ ಅಜ್ಜಿಯರನ್ನೂ ಕೇಳಿ ಬರೆದಿಡಿ. (ಬಾಲ್ಯದ ಮಳೆ ಎಲ್ಲರಿಗೂ ದೊಡ್ಡದೇ! ಅದಕ್ಕೇ ಅಳತೆ ಬೇಕು.)

2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆದರೂ ಒಂದು ವರ್ಷ ನೋಡಿ ಹವಾಮಾನವೇ ಬದಲಾಯಿತು ಎನ್ನುವಂತಿಲ್ಲ. ವಿಜ್ಞಾನಿಗಳು ಸಾಮಾನ್ಯವಾಗಿ 30 ವರ್ಷಗಳ ಸರಾಸರಿ ನೋಡುತ್ತಾರೆ. ಅಷ್ಟು ಕಾಲವೇ ಎನ್ನುತ್ತೀರಾ? ಅಮೆರಿಕದ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದಲ್ಲಿ ಕಾರ್ಬನ್ ಡೈಆಕ್ಸೈಡ್ ಅಳೆಯತೊಡಗಿದರು. ಆಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 315 ಭಾಗ. ಈಗ 420 ದಾಟಿದೆ. ಬಿಡದೆ ಬರೆದ ಆ ಅಂಕಿಗಳಿಂದಲೇ ಏರಿಕೆ ಜಗತ್ತಿಗೆ ತಿಳಿದದ್ದು.

ಮಕ್ಕಳಿಗೇಕೆ ಈ ಚಿಂತೆ ಎನ್ನುವ ಹಿರಿಯರಿದ್ದಾರೆ. ನಡೆದೇ ಶಾಲೆಗೆ ಬರುವ ನೀವು ಭೂಮಿಯನ್ನು ಬಿಸಿ ಮಾಡಿದವರಲ್ಲ. ನಿಮ್ಮನ್ನು ಹೆದರಿಸುವುದು ನನಗೂ ಒಪ್ಪಿಗೆಯಿಲ್ಲ. ಅಳೆಯುವುದರಲ್ಲಿ ಹೆದರಿಕೆಯೇನು?

ಏಳನೆಯ ತರಗತಿಯವರು ಶಾಲೆ ಬಿಡುವಾಗ ಪುಸ್ತಕವನ್ನು ಆರನೆಯವರ ಕೈಗೆ ಕೊಡಿ. ಹಾಂ, ಭಾನುವಾರ ಮತ್ತು ದಸರಾ ರಜೆಯಲ್ಲಿ ಅಳೆಯುವವರು ಯಾರೆಂದು ಈಗಲೇ ತೀರ್ಮಾನಿಸಿ. ಶಾಲೆಯ ಪಕ್ಕದ ಮನೆಯವರಾದರೆ ಅನುಕೂಲ.