ಎಣಿಕೆಗೆ ಸಿಗದ ಸಾವುಗಳು



ಯುಗಾದಿಯ ಊಟಕ್ಕೆ ಎಷ್ಟು ಎಲೆ ಹಾಕಬೇಕೆಂಬುದನ್ನು ನಮ್ಮ ಸಂಘದ ಸ್ವಯಂಸೇವಕರು ವಾರಕ್ಕೆ ಮೊದಲೇ ಲೆಕ್ಕ ಹಾಕಿರುತ್ತಾರೆ. ಹೆಚ್ಚುಕಡಿಮೆಯಾದರೆ ಖಜಾಂಚಿಗಳು ಸಭೆಗೆ ಉತ್ತರ ಹೇಳಬೇಕು. ನಾವು ನೆಲೆಸಿರುವ ಅಮೆರಿಕವಾದರೋ, ತನ್ನ ಪೊಲೀಸರ ಹಾಗೂ ಸೆರೆಮನೆಗಳ ವಶದಲ್ಲಿ ವರ್ಷಕ್ಕೆ ಎಷ್ಟು ಮಂದಿ ಸಾಯುತ್ತಾರೆಂದು ಖಚಿತವಾಗಿ ಹೇಳಲಾರದು.

ಕಾನೂನಿಲ್ಲವೆಂದಲ್ಲ. ಕಸ್ಟಡಿ ಸಾವುಗಳ ವರದಿ ಕಾಯಿದೆ 2000ದಲ್ಲಿಯೇ ಬಂದಿತು. 2006ರಲ್ಲಿ ಅದರ ಅವಧಿ ಮುಗಿಯಿತು. 2014ರ ಡಿಸೆಂಬರಿನಲ್ಲಿ ಮತ್ತೆ ಜೀವ ಪಡೆಯಿತು. ಬಂಧನದ ವೇಳೆ, ಸಾಗಿಸುವಾಗ, ಜೈಲಿನಲ್ಲಿ ಸತ್ತ ಪ್ರತಿಯೊಬ್ಬರ ಹೆಸರು, ವಯಸ್ಸು, ಜನಾಂಗ, ಸತ್ತ ಸ್ಥಳ, ಸಮಯ, ಸಂದರ್ಭಗಳನ್ನು ರಾಜ್ಯಗಳು ಮೂರು ತಿಂಗಳಿಗೊಮ್ಮೆ ನ್ಯಾಯ ಇಲಾಖೆಗೆ ತಿಳಿಸಬೇಕು. ತಪ್ಪಿದರೆ ಒಕ್ಕೂಟದ ಅನುದಾನದಲ್ಲಿ ಶೇಕಡಾ 10ರವರೆಗೆ ಕಡಿತ ಮಾಡಬಹುದು.

ಫಲವೇನಾಯಿತು? 2022ರ ಸೆಪ್ಟೆಂಬರಿನಲ್ಲಿ ಸೆನೆಟ್ಟಿನ ತನಿಖಾ ಉಪಸಮಿತಿಯ ಮುಂದೆ ಬಂದ ಲೆಕ್ಕ ಹೀಗಿದೆ: 2021ರ ಹಣಕಾಸು ವರ್ಷವೊಂದರಲ್ಲಿಯೇ ಕನಿಷ್ಠ 990 ಸಾವುಗಳು ಇಲಾಖೆಯ ಪಟ್ಟಿಯಿಂದ ಬಿಟ್ಟುಹೋಗಿದ್ದವು. ಅವು ಗುಪ್ತ ಕಡತಗಳಲ್ಲಿ ಹುದುಗಿದ್ದವೇನಲ್ಲ. ರಾಜ್ಯಗಳ ಜಾಲತಾಣಗಳಲ್ಲಿ ಮತ್ತು ಸಾರ್ವಜನಿಕ ದತ್ತಸಂಗ್ರಹದಲ್ಲಿ ಎಲ್ಲರಿಗೂ ಕಾಣುವಂತೆಯೇ ಇದ್ದವು. ರಾಜ್ಯಗಳು ಕಳಿಸಿದ ದಾಖಲೆಗಳಲ್ಲಿಯೂ ಶೇಕಡಾ 70ರಷ್ಟು ಅಪೂರ್ಣ. ಶೇಕಡಾ 40ರಲ್ಲಿ ಮನುಷ್ಯ ಹೇಗೆ ಸತ್ತನೆಂಬ ವಿವರವೇ ಇಲ್ಲ.

ಸಾವಿರಾರು ಸ್ಥಳೀಯ ಪೊಲೀಸ್ ಸಂಸ್ಥೆಗಳಿಂದ ಮಾಹಿತಿ ತರಿಸುವುದು ಕಷ್ಟವೆನ್ನುತ್ತಾರೆ. ಅದೇ ಸಂಸ್ಥೆಗಳು ಅನುದಾನದ ಅರ್ಜಿಯನ್ನು ಗಡುವು ತಪ್ಪದೆ ಕಳಿಸುತ್ತವಲ್ಲ! ಅನುದಾನ ಕಡಿದರೆ ಬಡವರ ಯೋಜನೆಗಳಿಗೆ ಪೆಟ್ಟೆಂಬ ಇನ್ನೊಂದು ವಾದವಿದೆ. ಹಾವೂ ಸಾಯದ, ಕೋಲೂ ಮುರಿಯದ ಈ ನೀತಿಯಲ್ಲಿ ಸಾಯುತ್ತಿರುವವರು ಮನುಷ್ಯರು. ಒಮ್ಮೆಯೂ ಎತ್ತದ ಕೋಲಿಗೆ ಯಾರು ತಾನೆ ಅಂಜಿಯಾರು?

'ಅವರು ಅಪರಾಧಿಗಳು, ನಮಗೇಕೆ ಈ ಚಿಂತೆ' ಎನ್ನುವ ಬಂಧುಗಳೂ ನಮ್ಮಲ್ಲಿದ್ದಾರೆ. ಕೌಂಟಿ ಜೈಲುಗಳಲ್ಲಿರುವವರಲ್ಲಿ ಹೆಚ್ಚಿನವರ ಮೇಲೆ ಆರೋಪವಿನ್ನೂ ಸಾಬೀತಾಗಿಲ್ಲ; ಜಾಮೀನಿಗೆ ಹಣವಿಲ್ಲದ ಎಷ್ಟೋ ಮಂದಿ ಅವರಲ್ಲಿದ್ದಾರೆ. ಅಪರಾಧಿಯೇ ಆದರೂ ನ್ಯಾಯಾಲಯ ಅವನಿಗೆ ವಿಧಿಸಿದ್ದು ಸೆರೆ, ಸಾವಲ್ಲ. ವೀಸಾ ಹಿಡಿದು ಬಾಳುವ ನಮಗೆ ಆ ಬಾಗಿಲು ಎಂದೂ ತೆರೆಯದೆಂದು ನಂಬುವುದು ಧೈರ್ಯವಲ್ಲ, ಮರೆವು.

ತಾಯ್ನಾಡನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಪೊಲೀಸ್ ವಶದಲ್ಲಾದ ಸಾವನ್ನು 24 ಗಂಟೆಯೊಳಗೆ ತಿಳಿಸಬೇಕೆಂದು ಭಾರತದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲಿಯೇ ಆದೇಶಿಸಿತು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ಬಂಧನದ ನಿಯಮಗಳನ್ನು ವಿಧಿಸಿತು. ಆದರೂ 1997ರಲ್ಲಿ ಸಹಿ ಹಾಕಿದ ಚಿತ್ರಹಿಂಸೆ ವಿರೋಧಿ ಒಪ್ಪಂದವನ್ನು ಭಾರತ ಇಂದಿಗೂ ಅನುಮೋದಿಸಿಲ್ಲ. ಕಾಗದದ ಮೇಲೆ ಕರುಣೆ ತೋರುವುದರಲ್ಲಿ ಎರಡೂ ದೇಶಗಳು ಸಮಾನ.

ಎಣಿಸಿದ ಮಾತ್ರಕ್ಕೆ ಸತ್ತವರು ಮರಳಿ ಬರಲಾರರು, ನಿಜ. ಆದರೆ ಎಣಿಸದ ಸಾವಿಗೆ ಕಾರಣ ಹುಡುಕುವವರಿಲ್ಲ. ಕಾರಣ ತಿಳಿಯದ ಸಾವು ಮರುಕಳಿಸುತ್ತದೆ. ಆದುದರಿಂದ ಮುಂದಿನ ಕೌಂಟಿ ಸಭೆಗೆ ಹೋಗಿ ಎರಡೇ ಪ್ರಶ್ನೆ ಕೇಳಿರಿ: ಕಳೆದ ವರ್ಷ ನಮ್ಮ ಜೈಲಿನಲ್ಲಿ ಸತ್ತವರೆಷ್ಟು? ಅವರೆಲ್ಲರ ವಿವರ ರಾಜ್ಯಕ್ಕೆ ತಲುಪಿದೆಯೇ? ತೆರಿಗೆ ಕಟ್ಟುವವರಿಗೆ ಇಷ್ಟು ಕೇಳುವ ಹಕ್ಕಿದೆ. ಎಲೆಗಳ ಲೆಕ್ಕ ಬಲ್ಲ ನಮಗೆ ತಲೆಗಳ ಲೆಕ್ಕ ಕೇಳುವುದು ಕಷ್ಟವಾಗಬಾರದು.