ಗಾಳಿಯ ಗೊಬ್ಬರ, ಗಲ್ಫಿನ ಅನಿಲ

ಮಕ್ಕಳೇ, ಮೆಕ್ಕೆಜೋಳ ಮೊಣಕಾಲುದ್ದ ಬಂತೆಂದರೆ ನಮ್ಮ ಆನಗೋಡಿನ ಸುತ್ತ ಎಲ್ಲರ ಬಾಯಲ್ಲೂ ಒಂದೇ ಮಾತು: "ಯೂರಿಯಾ ಬಂತಾ?" ಸಮಯಕ್ಕೆ ಗೊಬ್ಬರ ಬೀಳದಿದ್ದರೆ ಎಲೆ ಹಳದಿಯಾಗಿ ತೆನೆ ಸೊರಗುತ್ತದೆ. ಮನೆಯ ವರ್ಷದ ಲೆಕ್ಕವೇ ಏರುಪೇರಾಗುತ್ತದೆ. ಈ ಬಿಳಿ ಕಾಳು ಬರುವುದಾದರೂ ಎಲ್ಲಿಂದ?

ಗಿಡಕ್ಕೆ ಇದರಿಂದ ಬೇಕಾದದ್ದು ಸಾರಜನಕ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78 ಭಾಗ ಅದೇ ಇದೆ! ಆದರೆ ಅಲ್ಲಿ ಅದರ ಪರಮಾಣುಗಳು ಎರಡೆರಡಾಗಿ ಬಿಗಿಯಾಗಿ ಅಪ್ಪಿಕೊಂಡಿರುತ್ತವೆ. ಆ ಹಿಡಿತ ಬಿಡಿಸಲು ಜೋಳದ ಗಿಡಕ್ಕೆ ಬಾರದು. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಸಾರಜನಕವನ್ನು ಜಲಜನಕದೊಡನೆ ಕೂಡಿಸಿ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ 1913ರಲ್ಲಿ ಅದನ್ನು ಕಾರ್ಖಾನೆಗೆ ತಂದರು. ಅಮೋನಿಯಾಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿದರೆ ಯೂರಿಯಾ.

ಜಲಜನಕ ಎಲ್ಲಿಯದು? ಹೆಚ್ಚಾಗಿ ನೈಸರ್ಗಿಕ ಅನಿಲದ್ದು. ರಾಜಕೀಯ ಒಳಗೆ ಬರುವುದು ಇಲ್ಲೇ. ನಮ್ಮ ದೇಶ ಹಡಗಿನಲ್ಲಿ ತರಿಸುವ ಅನಿಲದಲ್ಲಿ ದೊಡ್ಡ ಪಾಲು ಕತಾರ್‌ನದು. ಆ ಹಡಗುಗಳು ಇರಾನ್ ಮತ್ತು ಒಮಾನ್ ನಡುವಿನ ಹಾರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ಅದರ ಅತಿ ಕಿರಿದಾದ ಜಾಗ ಸುಮಾರು 33 ಕಿ.ಮೀ., ಹೆಚ್ಚುಕಡಿಮೆ ಆನಗೋಡಿನಿಂದ ಹರಿಹರಕ್ಕೆ ಹೋದಷ್ಟು! ಅಲ್ಲಿ ಜಗಳವಾದರೆ ಇಲ್ಲಿ ಎದೆ ಢವಢವ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧ ಹೂಡಿದಾಗಲೂ ಅನಿಲ, ಗೊಬ್ಬರ ಎರಡರ ಬೆಲೆಯೂ ಜಗತ್ತಿನಾದ್ಯಂತ ಜಿಗಿಯಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಲೆಕ್ಕ ಹಾಕದೆ ಇರಲಾರೆ. 45 ಕಿಲೋ ಚೀಲದಲ್ಲಿ ಶೇ. 46 ಸಾರಜನಕ, ಅಂದರೆ 20.7 ಕಿಲೋ. ರೈತ ಕೊಡುವ ಬೆಲೆ 266 ರೂ. 50 ಪೈಸೆ. ನಿಜವಾದ ಖರ್ಚು ಅದಕ್ಕಿಂತ ಬಹಳ ಹೆಚ್ಚು. ಉಳಿದದ್ದನ್ನು ಸರ್ಕಾರ ನಮ್ಮೆಲ್ಲರ ತೆರಿಗೆಯಿಂದ ತುಂಬುತ್ತದೆ. ಹಾಗಾಗಿ ಹೊರಗೆ ಬೆಲೆ ಏರಿದರೂ ಚೀಲದ ಬೆಲೆ ಏರುವುದಿಲ್ಲ. ಆದರೆ ಸರಕು ಬರುವುದು ತಡವಾದರೆ ಅಂಗಡಿ ಮುಂದಿನ ಸಾಲು ಉದ್ದವಾಗುತ್ತದೆ.

ಬುದ್ಧಿವಂತರು ಒಂದೇ ಬಾಗಿಲನ್ನು ನಂಬಿ ಕೂರುವುದಿಲ್ಲ. ಒಮಾನ್‌ನ ಸೂರ್ ಊರಿನಲ್ಲಿ ಯೂರಿಯಾ ಕಾರ್ಖಾನೆಯೊಂದಿದೆ. ನಮ್ಮ ಸಹಕಾರಿ ಸಂಸ್ಥೆಗಳಾದ ಇಫ್ಕೋ, ಕ್ರಿಬ್ಕೋ ಅದರ ಪಾಲುದಾರರು. ನಕಾಶೆ ತೆಗೆದು ಹುಡುಕಿ: ಸೂರ್ ಇರುವುದು ಜಲಸಂಧಿಯ ಒಳಗೋ, ಹೊರಗೋ?

ಇನ್ನೊಂದು ಬಾಗಿಲು ನಮ್ಮ ಹೊಲದಲ್ಲೇ ಇದೆ. ಜೋಳದ ನಡುವೆ ತೊಗರಿ ಅಕ್ಕಡಿ ಹಾಕುವುದನ್ನು ನೀವೂ ನೋಡಿರುತ್ತೀರಿ. ತೊಗರಿ, ಅಲಸಂದೆಯಂಥ ಗಿಡಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಇರುತ್ತವೆ. ಹೇಬರ್ ಮಾಡಿದ ಕೆಲಸವನ್ನು ಅವು ಬೆಂಕಿಯಿಲ್ಲದೆ, ಹಡಗಿಲ್ಲದೆ ಮಾಡುತ್ತವೆ. ಇದರಿಂದ ಯೂರಿಯಾ ಪೂರ್ತಿ ಬೇಡವಾಗದು, ಆದರೆ ಪರದೇಶದ ಹಂಗು ಅಷ್ಟಾದರೂ ಕಡಿಮೆಯಾದೀತು.

ಈ ವಾರ ಮನೆಯವರನ್ನು ಕೇಳಿ, ಒಂದು ಅಲಸಂದೆ ಗಿಡವನ್ನು ಮಣ್ಣುಸಹಿತ ಮೆಲ್ಲಗೆ ಕಿತ್ತು, ಬೇರು ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಕಂಡರೆ ಕಾರ್ಖಾನೆ ನಡೆಯುತ್ತಿದೆ ಎಂದೇ ಅರ್ಥ.