ಅಳೆಯದೆ ದೂರಬೇಡಿ



“ನೆಟ್ ಬರ್ತಾ ಇಲ್ಲ” ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ಮನೆಯಲ್ಲಿ, ಪಕ್ಕದ ಅಂಗಡಿಯಲ್ಲಿ, ಪಂಚಾಯಿತಿ ಕಚೇರಿಯಲ್ಲಿ, ಅಷ್ಟೇಕೆ, ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲೂ ಈ ಮಾತು ಕೇಳಿಬರುತ್ತದೆ. ಆಗ ನಾವು ಮಾಡುವುದೇನು? ಕಂಪನಿಯನ್ನು ಬೈಯುತ್ತೇವೆ. ಫೋನನ್ನು ಬೈಯುತ್ತೇವೆ. ಮಳೆ ಮೋಡವನ್ನೂ ಬಿಡುವುದಿಲ್ಲ. ಕೊನೆಗೆ ಯಾರೋ ಹೇಳಿದರೆಂದು ಹೊಸ ಪೆಟ್ಟಿಗೆಯೊಂದನ್ನು ಕೊಂಡು ತರುತ್ತೇವೆ. ತೊಂದರೆ ಎಲ್ಲಿದೆ ಎಂದು ಅಳೆದು ನೋಡುವವರು ಬಹಳ ಕಡಿಮೆ. ಅಳೆಯುವ ಉಪಕರಣವೇನೋ ನಮ್ಮ ಜೇಬಿನಲ್ಲೇ ಇದೆ. ಅದೇ ಮೊಬೈಲ್ ಫೋನ್. ಅದನ್ನು ನೋಡುವುದಕ್ಕೆ, ಆಡುವುದಕ್ಕೆ ಬಳಸುವ ನಾವು ಅಳೆಯುವುದಕ್ಕೂ ಬಳಸಬೇಕು ಎಂಬುದು ನನ್ನ ಅಭಿಪ್ರಾಯ. ಈ ಪಾಠವನ್ನು ನಾನು ಕಲಿತದ್ದು ಏಳನೇ ತರಗತಿಯ ಒಬ್ಬ ಹುಡುಗಿಯಿಂದ.

ಒಂದು ಪ್ರಶ್ನೆ

ನಮ್ಮದು ಹಳೆಯ ಕಾಲದ ಮನೆ. ಮುಂದೆ ಪಡಸಾಲೆ, ಮಧ್ಯೆ ನಡುಮನೆ, ಹಿಂದೆ ಒಂದು ಕೋಣೆ. ಗೋಡೆಗಳು ಒಂದೂವರೆ ಅಡಿ ದಪ್ಪ. ಹಿಂದಿನ ಕೋಣೆಯಲ್ಲಿ ಕುಳಿತು ಓದುವ ನನ್ನ ಮಗಳಿಗೆ ವೀಡಿಯೋ ಪಾಠ ಪದೇ ಪದೇ ನಿಂತುಹೋಗುತ್ತಿತ್ತು. ಪಾಠ ಹೇಳುವವರ ಬಾಯಿ ತೆರೆದೇ ಇರುತ್ತಿತ್ತು, ಮಾತು ಬರುತ್ತಿರಲಿಲ್ಲ! ಪರೀಕ್ಷೆ ಹತ್ತಿರ ಬಂದಿತ್ತು. ನಾನು ಕಂಪನಿಗೆ ಎರಡು ಸಲ ಫೋನ್ ಮಾಡಿ ಗದರಿದೆ. “ದೂರ ಹೆಚ್ಚಾಯಿತು, ಇನ್ನೊಂದು ಪೆಟ್ಟಿಗೆ ಹಾಕಿಸಿ” ಎಂದು ಅಂಗಡಿಯವರು ಹೇಳಿದರು. ಎರಡೂವರೆ ಸಾವಿರ ರೂಪಾಯಿ. ಕೊಂಡೇಬಿಡೋಣ ಎಂದು ತೀರ್ಮಾನಿಸಿದೆ.

ಮರುದಿನ ಒಂದು ಶಾಲೆಗೆ ಭೇಟಿ ಕೊಟ್ಟಿದ್ದೆ. ಅಂದು ಮಾಡಿಸಿದ್ದು ಮೂರು ಬಟ್ಟಲಿನ ಪ್ರಯೋಗ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ಮಧ್ಯದಲ್ಲಿ ಉಗುರುಬೆಚ್ಚಗಿನ ನೀರು. ಬಿಸಿನೀರಿನಲ್ಲಿದ್ದ ಕೈಗೆ ಮಧ್ಯದ ನೀರು ತಣ್ಣಗೆ, ತಣ್ಣೀರಿನಲ್ಲಿದ್ದ ಕೈಗೆ ಅದೇ ನೀರು ಬಿಸಿ! “ಕೈಯನ್ನು ನಂಬಬೇಡಿ, ತಾಪಮಾಪಕವನ್ನು ನೋಡಿ” ಎಂದು ಹೇಳಿ ಪಾಠ ಮುಗಿಸಿದೆ. ಬಿಸಿಯೂಟದ ಹೊತ್ತಿನಲ್ಲಿ ಮಕ್ಕಳೊಡನೆ ಮಾತನಾಡುತ್ತಾ ನನ್ನ ಮನೆಯ ವೈಫೈ ಕಥೆ ಹೇಳಿದೆ. ಆಗ ಒಬ್ಬ ಹುಡುಗಿ ಕೇಳಿದಳು: “ಮೇಡಂ, ನೀವು ಅದನ್ನ ಅಳೆದು ನೋಡಿದ್ರಾ?”

ನನ್ನಲ್ಲಿ ಉತ್ತರವಿರಲಿಲ್ಲ. ತರಗತಿಯಲ್ಲಿ ಹೇಳಿದ್ದನ್ನು ನಾನು ಮನೆಯಲ್ಲಿ ಮಾಡಿರಲಿಲ್ಲ.

ಮೈನಸ್ ಸಂಖ್ಯೆಯ ಗುಟ್ಟು

ಮೂಲೆಯಲ್ಲಿ ದೀಪ ಮಿಣುಕಿಸುತ್ತಾ ಕೂರುವ ಪೆಟ್ಟಿಗೆಗೆ ರೂಟರ್ ಎಂದು ಹೆಸರು. ಅದು ಹೊರಸೂಸುವುದು ರೇಡಿಯೋ ತರಂಗಗಳನ್ನು. ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳು. ಮೊದಲನೆಯದರ ತರಂಗದೂರ ಸುಮಾರು 12 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ. ಎರಡನೆಯದರದು ಅದರ ಅರ್ಧದಷ್ಟು. ಈ ತರಂಗಗಳು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ರೇಡಿಯೋ ತರಂಗಗಳು ಗೋಡೆಯನ್ನು ದಾಟಬಲ್ಲವು ಎಂಬುದನ್ನು ನಮ್ಮ ದೇಶದ ವಿಜ್ಞಾನಿ ಜಗದೀಶಚಂದ್ರ ಬೋಸ್ 1895ರಲ್ಲೇ ಕಲ್ಕತ್ತೆಯಲ್ಲಿ ಜನರೆದುರು ತೋರಿಸಿದ್ದರು. ತಂತಿಯಿಲ್ಲದೆ, ಗೋಡೆಯಾಚೆಗಿದ್ದ ಗಂಟೆಯನ್ನು ಬಾರಿಸಿದ್ದರು. ಆದರೆ ದಾಟುವಾಗ ತರಂಗ ಎಷ್ಟು ಕ್ಷೀಣಿಸಿತು ಎಂಬುದನ್ನು ತಿಳಿಯಲು ಅಳತೆಯೇ ಬೇಕು.

ಆಂಡ್ರಾಯ್ಡ್ ಫೋನಿನಲ್ಲಿ ‘ವೈಫೈ ಅನಲೈಜರ್’ ಎಂದು ಹುಡುಕಿದರೆ ಹಣ ಕೊಡದೆ ಸಿಗುವ ಹಲವು ಆ್ಯಪ್‌ಗಳು ಕಾಣುತ್ತವೆ. ಇವು ಸುತ್ತಲಿನ ರೂಟರ್‌ಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಒಂದು ಸಂಖ್ಯೆ ತೋರಿಸುತ್ತವೆ. ಆ ಸಂಖ್ಯೆ ಮೈನಸ್‌ನಲ್ಲಿರುತ್ತದೆ! ಉದಾಹರಣೆಗೆ –40 ಡಿಬಿಎಂ, –70 ಡಿಬಿಎಂ. ಇದು ಫೋನಿಗೆ ತಲುಪಿದ ತರಂಗದ ಬಲ. ಇದನ್ನು ಓದುವ ಕ್ರಮ ಹೀಗಿದೆ. ಸೊನ್ನೆ ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್. –10 ಎಂದರೆ ಅದರ ಹತ್ತನೇ ಒಂದು ಭಾಗ. –20 ಎಂದರೆ ನೂರನೇ ಒಂದು ಭಾಗ. ಹತ್ತು ಹತ್ತು ಇಳಿದಂತೆಲ್ಲ ಬಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ –70 ಎಂದರೆ ಎಷ್ಟು? ಒಂದರ ಮುಂದೆ ಏಳು ಸೊನ್ನೆ ಹಾಕಿ ನೋಡಿ. ಒಂದು ಮಿಲಿವ್ಯಾಟ್‌ನ ಒಂದು ಕೋಟಿಯಲ್ಲಿ ಒಂದು ಭಾಗ! ಅಷ್ಟು ಕ್ಷೀಣ ತರಂಗವನ್ನೂ ನಿಮ್ಮ ಫೋನು ಹಿಡಿಯಬಲ್ಲದು.

–50ರ ಆಸುಪಾಸು ಇದ್ದರೆ ಬಹಳ ಚೆನ್ನಾಗಿದೆ ಎಂದರ್ಥ. ವೀಡಿಯೋ ನಿಲ್ಲದೆ ಓಡಲು –67ರಷ್ಟಾದರೂ ಇರಬೇಕು ಎನ್ನುವುದು ಸಾಮಾನ್ಯ ಲೆಕ್ಕ. –80 ದಾಟಿದರೆ ಕಷ್ಟ.

ಕಳ್ಳ ಯಾರು?

ನಾನು ಫೋನು, ಪೆನ್ಸಿಲ್, ಪುಸ್ತಕ ಹಿಡಿದು ಮನೆ ಸುತ್ತಿದೆ. ಪ್ರತಿ ಜಾಗದಲ್ಲೂ ಮೂರು ಸಲ ಅಳೆದು ಸರಾಸರಿ ಬರೆದೆ. ಪೆಟ್ಟಿಗೆಯಿಂದ 2 ಮೀಟರ್ ದೂರದಲ್ಲಿ –38. ನಡುಮನೆಯಲ್ಲಿ –60. 12 ಮೀಟರ್ ದೂರದ ಹಿಂದಿನ ಕೋಣೆಯಲ್ಲಿ –81.

ಈಗ ಲೆಕ್ಕ ಮಾಡೋಣ. –38ಕ್ಕೂ –81ಕ್ಕೂ ನಡುವೆ 43 ಡೆಸಿಬೆಲ್ ವ್ಯತ್ಯಾಸ. ಅಂದರೆ ತರಂಗದ ಬಲ ಸುಮಾರು 20,000 ಪಟ್ಟು ಇಳಿದಿದೆ. ಇದಕ್ಕೆ ದೂರ ಕಾರಣವೇ? ದೀಪದಿಂದ ದೂರ ಸರಿದಂತೆ ಬೆಳಕು ಹರಡಿ ಮಂಕಾಗುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ, ಮೂರರಷ್ಟಾದರೆ ಒಂಬತ್ತನೇ ಒಂದು ಭಾಗ. ರೇಡಿಯೋ ತರಂಗವೂ ಬಯಲಿನಲ್ಲಿ ಹೀಗೆಯೇ ನಡೆದುಕೊಳ್ಳುತ್ತದೆ. ನಮ್ಮಲ್ಲಿ ದೂರ 2 ಮೀಟರಿನಿಂದ 12 ಮೀಟರಿಗೆ, ಅಂದರೆ 6 ಪಟ್ಟು ಹೆಚ್ಚಿತು. 6ನ್ನು 6ರಿಂದ ಗುಣಿಸಿದರೆ 36. ಬರೀ ದೂರದಿಂದಾದರೆ ಬಲ 36 ಪಟ್ಟು ಇಳಿಯಬೇಕಿತ್ತು. ಇಳಿದದ್ದು 20,000 ಪಟ್ಟು! ಉಳಿದ ಐನೂರಕ್ಕೂ ಹೆಚ್ಚು ಪಟ್ಟನ್ನು ಕದ್ದವರು ಯಾರು?

ಪೆಟ್ಟಿಗೆಯ ಕಡೆ ನೋಡಿದೆ. ತಂತಿ ಒಳಬರುವ ಮೂಲೆಯಲ್ಲೇ ಅದನ್ನು ನೆಲದ ಮೇಲೆ ಇಟ್ಟಿದ್ದರು. ಅದರ ಪಕ್ಕ, ಹಿಂದಿನ ಕೋಣೆಯ ದಿಕ್ಕಿಗೆ ಸರಿಯಾಗಿ ಅಡ್ಡ, ನಮ್ಮ ಉಕ್ಕಿನ ಬೀರು! ಲೋಹ ರೇಡಿಯೋ ತರಂಗವನ್ನು ಕನ್ನಡಿಯಂತೆ ಹಿಂದಕ್ಕೆ ತಳ್ಳುತ್ತದೆ. ಬೀರು ದಾಟಿ ಸುತ್ತಿ ಬಂದ ಅಲ್ಪಸ್ವಲ್ಪವನ್ನು ಎರಡು ದಪ್ಪ ಗೋಡೆಗಳು ಹೀರುತ್ತಿದ್ದವು. ದೂರದ ಮೇಲೆ ಹೊರಿಸಿದ್ದ ಅಪವಾದ ಸುಳ್ಳಾಯಿತು.

ಉದ್ದದ ತಂತಿಯೊಂದನ್ನು ತರಿಸಿ, ಪೆಟ್ಟಿಗೆಯನ್ನು ನಡುಮನೆಯ ಬಾಗಿಲ ಬಳಿ ಆರು ಅಡಿ ಎತ್ತರದ ಮರದ ಹಲಗೆಯ ಮೇಲೆ ಇಟ್ಟೆವು. ಹಿಂದಿನ ಕೋಣೆಯಲ್ಲಿ ಮತ್ತೆ ಅಳೆದೆ. –66! ಅಂದರೆ ಮೊದಲಿಗಿಂತ 30 ಪಟ್ಟು ಬಲ. ಎರಡೂವರೆ ಸಾವಿರ ರೂಪಾಯಿಯ ಪೆಟ್ಟಿಗೆ ಅಂಗಡಿಯಲ್ಲೇ ಉಳಿಯಿತು.

ಅಲ್ಲಿಗೇ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಸಂಜೆ ಪಾಠ ಮತ್ತೆ ನಿಲ್ಲುತ್ತಿತ್ತು. ಆಗ ಪೆಟ್ಟಿಗೆಯ ಪಕ್ಕದಲ್ಲೇ ನಿಂತು ನೋಡಿದೆ. ಸಂಖ್ಯೆ –38, ಆದರೂ ನಿಧಾನ. ಹಾಗಾದರೆ ತೊಂದರೆ ತರಂಗದಲ್ಲಿಲ್ಲ, ಹೊರಗಿನಿಂದ ಬರುವ ತಂತಿಯಲ್ಲಿದೆ. ದಿನ, ಗಂಟೆ, ಸಂಖ್ಯೆ ಬರೆದಿಟ್ಟು ಕಂಪನಿಗೆ ತಿಳಿಸಿದೆ. ಈ ಸಲ ಗದರಲಿಲ್ಲ. ಅವರು ಬಂದು ಕಂಬದ ಬಳಿಯ ಒಂದು ಜೋಡಣೆ ಬದಲಾಯಿಸಿದರು. ಅಳತೆ ಇಲ್ಲದ ಮಾತು ಬರೀ ದೂರು. ಅಳತೆ ಇರುವ ಮಾತು ವರದಿ. ಎರಡಕ್ಕೂ ಇರುವ ವ್ಯತ್ಯಾಸ ನೀವೇ ನೋಡಿ.

ಒಂದೇ ಓಣಿ, ಹಲವು ದನಿ

ಪಟ್ಟಣದಲ್ಲಿರುವವರಿಗೆ ಇನ್ನೊಂದು ತೊಂದರೆ. ಅಲ್ಲಿ ಅಕ್ಕಪಕ್ಕದ ಹತ್ತಾರು ಮನೆಗಳ ತರಂಗಗಳು ಒಂದರ ಮೇಲೊಂದು ಬೀಳುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ. ಆದರೆ ಅವು ಒಂದಕ್ಕೊಂದು ತಗುಲಿಕೊಂಡಿವೆ. ಒಂದನ್ನೊಂದು ತಾಕದಂತೆ ಆರಿಸಬೇಕಾದರೆ 1, 6, 11 ಎಂಬ ಮೂರನ್ನು ಬಳಸುವುದು ರೂಢಿ.

ಒಂದೇ ಚಾನೆಲ್‌ನಲ್ಲಿರುವ ಪೆಟ್ಟಿಗೆಗಳು ಒಳ್ಳೆಯ ವಿದ್ಯಾರ್ಥಿಗಳಿದ್ದಂತೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಕೇಳಿಸಿಕೊಂಡು ಕಾಯುತ್ತಾರೆ. ಸರದಿ ಬರುವುದು ತಡವಾದೀತು, ಆದರೆ ಗಲಾಟೆ ಇಲ್ಲ. 3 ಅಥವಾ 4ನೇ ಚಾನೆಲ್‌ನಲ್ಲಿ ಕೂತ ಪೆಟ್ಟಿಗೆ ಹಾಗಲ್ಲ. ಅದು 1ಕ್ಕೂ 6ಕ್ಕೂ ಅರ್ಥವಾಗದ ಗದ್ದಲ ಮಾಡುತ್ತದೆ, ತಾನೂ ಅವುಗಳ ಗದ್ದಲವನ್ನೇ ಕೇಳುತ್ತದೆ. ಯಾವ ಚಾನೆಲ್ ಬಿಡುವಾಗಿದೆ ಎಂದು ಸ್ಕ್ಯಾನ್ ಮಾಡುವ ಆ್ಯಪ್ ಚಿತ್ರ ಬರೆದು ತೋರಿಸುತ್ತದೆ. ರೂಟರ್‌ನಲ್ಲಿ ಅದನ್ನು ಆರಿಸುವುದು ಹಿರಿಯರ ಕೆಲಸ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ವೇಗವೂ ಹೆಚ್ಚು. ಆದರೆ ಗೋಡೆ ದಾಟುವಾಗ ಅದು ಬೇಗ ಸೋಲುತ್ತದೆ.

ಆ್ಯಪ್‌ಗೂ ಮಿತಿಗಳಿವೆ. ಅದಕ್ಕೆ ವೈಫೈ ಮಾತ್ರ ಗೊತ್ತು. ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಮೈಕ್ರೋವೇವ್ ಒಲೆಯ ಅಡಚಣೆ ಅದರ ಪಟ್ಟಿಯಲ್ಲಿ ಕಾಣದು. ಎರಡು ಬೇರೆ ಫೋನುಗಳು ಒಂದೇ ಜಾಗದಲ್ಲಿ ಬೇರೆ ಬೇರೆ ಸಂಖ್ಯೆ ತೋರಿಸಬಹುದು. ಆದ್ದರಿಂದ ಹೋಲಿಕೆಗೆ ಒಂದೇ ಫೋನನ್ನು, ಒಂದೇ ರೀತಿ ಹಿಡಿದು ಬಳಸಬೇಕು. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದೀಚೆಗೆ ಇಂಥ ಆ್ಯಪ್‌ಗಳಿಗೆ 2 ನಿಮಿಷದಲ್ಲಿ 4 ಸಲ ಮಾತ್ರ ಸ್ಕ್ಯಾನ್ ಮಾಡಲು ಅವಕಾಶ. ಹಾಗಾಗಿ ಪ್ರತಿ ಅಳತೆಗೂ ಅರ್ಧ ನಿಮಿಷ ಕಾಯಿರಿ. ಇನ್ನು ‘ಸಿಗ್ನಲ್ ಹೆಚ್ಚಿಸುತ್ತೇನೆ’ ಎನ್ನುವ ಆ್ಯಪ್‌ಗಳನ್ನು ನಂಬಬೇಡಿ. ತಾಪಮಾಪಕ ಜ್ವರ ಇಳಿಸುವುದಿಲ್ಲ, ಅಲ್ಲವೇ?

“ನಮ್ಮ ಮನೆಯಲ್ಲಿ ವೈಫೈ ಇಲ್ಲವಲ್ಲ!”

ನಿಮ್ಮಲ್ಲಿ ಅನೇಕರು ಹೀಗೆ ಹೇಳುತ್ತೀರೆಂದು ನನಗೆ ಗೊತ್ತು. ಚಿಂತೆ ಬೇಡ. ಎರಡು ಫೋನುಗಳಿದ್ದರೆ ಸಾಕು, ಅಳತೆಗೆ ಇಂಟರ್ನೆಟ್ಟೂ ಬೇಡ. ಆ್ಯಪ್ ಹಾಕಿಕೊಂಡ ಮೇಲೆ ಹೀಗೆ ಮಾಡಿ. ಶಿಕ್ಷಕರ ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ ಮೇಜಿನ ಮೇಲಿಡಿ. ಈಗ ಅದೇ ನಿಮ್ಮ ಪೆಟ್ಟಿಗೆ. ಇನ್ನೊಂದು ಫೋನಿನ ಆ್ಯಪ್‌ನಲ್ಲಿ ಅದರ ಹೆಸರು ಹುಡುಕಿ ಸಂಖ್ಯೆ ಬರೆದುಕೊಳ್ಳಿ. ಸಂಪರ್ಕ ಪಡೆಯಬೇಕಾಗಿಲ್ಲ, ಆದ್ದರಿಂದ ಡೇಟಾ ಖರ್ಚಾಗುವುದಿಲ್ಲ. ಯಾರೂ ಸಂಪರ್ಕ ಪಡೆಯದಿದ್ದರೆ ಕೆಲವು ಫೋನುಗಳಲ್ಲಿ ಹಾಟ್‌ಸ್ಪಾಟ್ ತಾನೇ ಆರಿಹೋಗುತ್ತದೆ. ಆಗ ಮತ್ತೆ ಹಚ್ಚಿ.

ಮೊದಲ ಫೋನಿನ ಮೇಲೆ ಬಿದಿರಿನ ಬುಟ್ಟಿ ಮುಚ್ಚಿ ಅಳೆಯಿರಿ. ಆಮೇಲೆ ಒಣ ಗೋಣಿಚೀಲ. ಆಮೇಲೆ ಅದನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಳಗಿಟ್ಟು ಅಳೆಯಿರಿ. ಫೋನು ಬಿಸಿಯಾಗದಂತೆ ಬೇಗ ಹೊರತೆಗೆಯಿರಿ. ಆಮೇಲೆ ನಾಲ್ವರು ಗೆಳೆಯರು ನಡುವೆ ಒತ್ತಾಗಿ ಅಡ್ಡ ನಿಲ್ಲಲಿ. ನಮ್ಮ ದೇಹದಲ್ಲಿ ಹೆಚ್ಚು ಭಾಗ ನೀರು, ನೀರು ಈ ತರಂಗಗಳನ್ನು ಹೀರುತ್ತದೆ ಎಂಬುದನ್ನು ನೆನಪಿಡಿ. ಪ್ರತಿ ಅಳತೆಗೂ ಮೊದಲು ನಿಮ್ಮ ಊಹೆಯನ್ನು ಬರೆದಿಡಿ. ಊಹೆ ತಪ್ಪಾದರೆ ಅಳಿಸಬೇಡಿ. ತಪ್ಪಿದ ಊಹೆಯಿಂದಲೇ ಕಲಿಯುವುದು ಹೆಚ್ಚು.

ಫೋನ್ ಮಕ್ಕಳ ಕೈಗೆ ಬೇಕೇ?

“ಮಕ್ಕಳಿಂದ ಫೋನ್ ದೂರವಿಡಿ ಎನ್ನುವ ನೀವೇ ಹೀಗೆ ಹೇಳುವುದೇ?” ಎಂದು ಹಿರಿಯರು ಕೇಳಬಹುದು. ಅವರ ಆತಂಕ ನ್ಯಾಯವಾದದ್ದು. ನಾನು ಹೇಳುವುದು ಇಷ್ಟೆ. ಫೋನು ಶಿಕ್ಷಕರ ಅಥವಾ ಪೋಷಕರ ಕೈಯಲ್ಲಿರಲಿ. ಮಕ್ಕಳ ಕೈಯಲ್ಲಿ ಪೆನ್ಸಿಲ್ ಮತ್ತು ಪುಸ್ತಕವಿರಲಿ. ಇಂಥ ಆ್ಯಪ್‌ಗಳು ನೀವಿರುವ ಸ್ಥಳವನ್ನು ತಿಳಿಯಲು ಅನುಮತಿ ಕೇಳುತ್ತವೆ, ಏಕೆಂದರೆ ಸುತ್ತಲಿನ ವೈಫೈ ಹೆಸರುಗಳಿಂದಲೇ ನೀವು ಎಲ್ಲಿದ್ದೀರೆಂದು ಕಂಡುಹಿಡಿಯಬಹುದು. ಅನುಮತಿ ಕೊಡುವ ತೀರ್ಮಾನ ಹಿರಿಯರದಾಗಿರಲಿ. ಕೆಲಸ ಮುಗಿದ ಮೇಲೆ ಆ್ಯಪ್ ತೆಗೆದುಹಾಕಲಿ. ನೆರೆಯವರ ವೈಫೈ ಹೆಸರು ಪಟ್ಟಿಯಲ್ಲಿ ಕಂಡರೆ ತಪ್ಪಿಲ್ಲ. ಅವರ ಗುಪ್ತಪದ ಊಹಿಸಲು ಹೋಗುವುದು ತಪ್ಪು.

ಅರ್ಧ ಗಂಟೆ ಫೋನಿನಲ್ಲಿ ವೀಡಿಯೋ ನೋಡಿದ ಮಗು ಅದನ್ನು ಟಿ.ವಿ. ಎಂದು ತಿಳಿಯುತ್ತದೆ. ಅರ್ಧ ಗಂಟೆ ಅದರಿಂದ ಅಳೆದ ಮಗು ಅದನ್ನು ಉಪಕರಣವೆಂದು ತಿಳಿಯುತ್ತದೆ. ನಮ್ಮ ಬಹಳಷ್ಟು ಶಾಲೆಗಳ ಪ್ರಯೋಗಾಲಯದ ಕಪಾಟಿನಲ್ಲಿ ಉಪಕರಣಗಳು ಹೆಚ್ಚಿಲ್ಲ. ಇರುವ ಒಂದನ್ನು ಗುರುತಿಸದೆ ಕೂರುವುದು ನಷ್ಟವಲ್ಲವೇ?

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆ ನಮ್ಮ ಹಿರಿಯರದು. ಕಣ್ಣಿಗೆ ಕಂಡದ್ದನ್ನೇ ಪರೀಕ್ಷಿಸಬೇಕಾದರೆ, ಕಾಣದ ತರಂಗದ ಬಗ್ಗೆ ಅಳೆಯದೆ ತೀರ್ಪು ಕೊಡಬಹುದೇ? ಮುಂದಿನ ಸಲ ಮನೆಯಲ್ಲಿ ಯಾರಾದರೂ “ನೆಟ್ ಬರ್ತಾ ಇಲ್ಲ” ಎಂದರೆ, ಆ ಹುಡುಗಿ ನನ್ನನ್ನು ಕೇಳಿದ ಪ್ರಶ್ನೆಯನ್ನು ನೀವೂ ವಿನಯದಿಂದ ಕೇಳಿ. ನಿಮ್ಮ ಅಳತೆಗಳ ಪಟ್ಟಿಯನ್ನು ಶಾಲೆಯ ಗೋಡೆಪತ್ರಿಕೆಗೆ ಅಂಟಿಸಿ. ನಾನು ನಿಮ್ಮ ಶಾಲೆಗೆ ಬಂದಾಗ ಮೊದಲು ಅದನ್ನೇ ನೋಡುತ್ತೇನೆ.